ಇಂಗ್ಲಿಷ್ ತಿಂಡಿಯ ತಟ್ಟೆಯಲ್ಲಿ ಏನೇನಿರಬೇಕು

ನನ್ನ ಗಂಡನಿಗೆ ಮರೆವು ಶುರುವಾಗಿ ಆಗ ಮೂರನೆಯ ವರ್ಷ. ಒಂದು ಬೆಳಿಗ್ಗೆ ಅವರ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟೆ. ಅವರು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹೋಟೆಲಿನವರನ್ನು ಕೇಳುವ ಹಾಗೆ ಇಂಗ್ಲಿಷಿನಲ್ಲಿ, "ಇವತ್ತು ಬೇಕನ್ ಇಲ್ಲವಾ?" ಎಂದರು.

ನಾವು ಮೈಸೂರಿನವರು. ಅಮೆರಿಕದ ಮಿಲ್ಪಿಟಾಸಿನ ಈ ಟೌನ್‌ಹೌಸಿಗೆ ಬಂದು ಮೂವತ್ತು ವರ್ಷ ದಾಟಿದೆ. ಅಷ್ಟು ವರ್ಷದಲ್ಲಿ ಈ ಅಡುಗೆಮನೆಗೆ ಒಂದು ಮೊಟ್ಟೆ ಕೂಡ ಬಂದಿರಲಿಲ್ಲ. ಒಲೆಯ ಪಕ್ಕದ ಕಪಾಟಿನಲ್ಲೇ ದೇವರಿದ್ದಾರೆ. ಬೇರೆ ಜಾಗ ಇರಲಿಲ್ಲವೆಂದು ಮನೆ ತೆಗೆದುಕೊಂಡ ವರ್ಷವೇ ಅಲ್ಲಿ ಇಟ್ಟಿದ್ದು, ಹಾಗೇ ಉಳಿಯಿತು. ನಾನು ಅವರ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಟೀವಿಯಲ್ಲಿ ನೋಡಿದ್ದು ಏನೋ ತಲೆಯಲ್ಲಿ ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ಆ ಹೊತ್ತಿಗೆ ಇಂಥದ್ದು ನನಗೆ ಅಭ್ಯಾಸವಾಗಿತ್ತು. ಹಿಂದಿನ ವಾರ ತಾನೇ ಅವರು ಶೂ ಒಳಗೆ ಕನ್ನಡಕ ಇಟ್ಟು ಇಡೀ ದಿನ ಹುಡುಕಿದ್ದರು.

ಮಾರನೆಯ ದಿನವೂ ಅದೇ ಪ್ರಶ್ನೆ. ಮೂರನೆಯ ದಿನ ನಾನೇ ಕೇಳಿದೆ, "ಬೇಕನ್ ಅಂದ್ರೆ ಏನು ಗೊತ್ತೇನ್ರೀ ನಿಮಗೆ?"

ನನ್ನನ್ನು ನೋಡಿದ ಅವರ ಮುಖದಲ್ಲಿ ಸ್ವಲ್ಪ ಬೇಸರವಿತ್ತು, ಇಷ್ಟೂ ಗೊತ್ತಿಲ್ಲವೇ ಎಂಬಂತೆ. ಆಮೇಲೆ ಬೆರಳು ಮಡಿಚುತ್ತಾ ಹೇಳತೊಡಗಿದರು. ಎರಡು ಬೇಕನ್, ಅದೂ ಹಂದಿಯ ಬೆನ್ನಿನ ಭಾಗದ್ದು, ಅಮೆರಿಕದವರು ತಿನ್ನುವ ಸಣ್ಣ ಪಟ್ಟಿಯಲ್ಲ. ಎರಡು ಸಾಸೇಜು. ಒಂದು ಮೊಟ್ಟೆ, ಹಳದಿ ಒಡೆಯದ ಹಾಗೆ ಕರಿದದ್ದು. ಅರ್ಧ ಟೊಮ್ಯಾಟೊ, ಕೊಯ್ದ ಮುಖ ಕೆಳಗೆ ಮಾಡಿ ಬಾಡಿಸಿದ್ದು. ಅಣಬೆ. ಡಬ್ಬಿಯ ಬೀನ್ಸು, ಸ್ವಲ್ಪವೇ. ಬ್ಲ್ಯಾಕ್ ಪುಡಿಂಗು ಎರಡು ಬಿಲ್ಲೆ. ಕರಿದ ಬ್ರೆಡ್ಡು. ದೊಡ್ಡ ಲೋಟದಲ್ಲಿ ಚಹಾ. "ಆಲೂಗಡ್ಡೆ ಇರಬಾರದು. ಅದು ಇಲ್ಲಿಯವರು ಸೇರಿಸಿದ್ದು" ಎಂದರು.

"ಬ್ಲ್ಯಾಕ್ ಪುಡಿಂಗು ಅಂದ್ರೆ ಸಿಹೀನಾ?"

"ಸಿಹಿ ಅಲ್ಲ ಕಣೇ. ರಕ್ತ. ರಕ್ತಕ್ಕೆ ಓಟ್ಸು ಕೊಬ್ಬು ಹಾಕಿ ಕರುಳೊಳಗೆ ಹೂರಣದ ಥರ ತುಂಬ್ತಾರೆ."

ಅದನ್ನು ಕನ್ನಡದಲ್ಲಿ ಹೇಳಿದರು. ಅದಕ್ಕೇ ನನಗೆ ಭಯವಾಯಿತು. ನಾನು ಯಾರು, ಅವರು ಎಲ್ಲಿದ್ದಾರೆ, ಎಲ್ಲವೂ ಆ ಗಳಿಗೆಯಲ್ಲಿ ಅವರಿಗೆ ತಿಳಿದಿತ್ತು.

ಮದುವೆಗೆ ಮೊದಲು ಇವರು ಎರಡು ವರ್ಷ ಇಂಗ್ಲೆಂಡಿನ ಉತ್ತರದ ಒಂದು ಊರಿನ ಕಾರ್ಖಾನೆಯಲ್ಲಿ ತರಬೇತಿಗೆ ಇದ್ದದ್ದು ನನಗೆ ಗೊತ್ತಿತ್ತು. ಸಂಬಂಧ ನೋಡುವಾಗ ನಮ್ಮ ತಂದೆ ಅದೇ ಒಂದು ವಿಷಯಕ್ಕೆ ಹಿಂಜರಿದಿದ್ದರು. ಊಟದ ವಿಚಾರ ಹೇಗೆ ಎಂದು ನೇರವಾಗಿ ಕೇಳಿದ್ದರು. "ಬ್ರೆಡ್ಡು, ಹಾಲು, ಬೇಯಿಸಿದ ತರಕಾರಿ. ಹದಿನಾಲ್ಕು ಪೌಂಡು ತೂಕ ಇಳಿದು ಬಂದೆ" ಎಂದು ಇವರು ಹೇಳಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ಆ ಮಾತು ಕೇಳಿ ನನಗೆ ಇವರ ಮೇಲೆ ಕನಿಕರ ಹುಟ್ಟಿತ್ತು. ಮದುವೆಯಾದ ಹೊಸದರಲ್ಲಿ ದಿನಾ ತುಪ್ಪ ಹೆಚ್ಚು ಬಡಿಸುತ್ತಿದ್ದೆ.

ಈಗ, ಆ ವಾರವೆಲ್ಲ ಬೆಳಗಿನ ಹೊತ್ತು ಇವರು ಆ ಊರಿನ ಕತೆಯನ್ನು ಚೂರು ಚೂರಾಗಿ ಬಿಚ್ಚಿದರು. ಬಾಡಿಗೆ ಕೋಣೆ ಕೊಟ್ಟಿದ್ದ ಮನೆಯಾಕೆ ವಯಸ್ಸಾದವಳು. ಭಾನುವಾರ ಬಾಡಿಗೆದಾರರಿಗೆಲ್ಲ ತಿಂಡಿ ಅವಳದ್ದೇ. ಇವರು ಮೊದಲೇ ಹೇಳಿಕೊಂಡಿದ್ದರಂತೆ, ತನಗೆ ಟೊಮ್ಯಾಟೊ, ಬ್ರೆಡ್ಡು ಸಾಕೆಂದು. ಅವಳು ಪಾಪ ಒಪ್ಪಿಕೊಂಡು ಬೇರೆ ತಟ್ಟೆಯಲ್ಲಿ ಅಷ್ಟೇ ಕೊಡುತ್ತಿದ್ದಳು.

"ಒಂದು ತಿಂಗಳು ಆದ್ಮೇಲೆ ಅಡುಗೆಮನೆಗೆ ಹೋಗಿ ನೋಡ್ತೀನಿ, ಬ್ರೆಡ್ಡನ್ನ ಬೇಕನ್ ಕೊಬ್ಬಲ್ಲೇ ಕರೀತಿದಾಳೆ. ಟೊಮ್ಯಾಟೊನೂ ಅದರಲ್ಲೇ. ನಾನು ಅಷ್ಟೂ ದಿನ ಇನ್ನೊಂದು ಕೊಡಿ ಅಂತ ಕೇಳಿ ತಿಂದಿದ್ದೆ." ಇವರು ನಕ್ಕರು. "ಇನ್ನು ಬಿಡೋಕೆ ಏನಿತ್ತು ಹೇಳು? ಮುಂದಿನ ಭಾನುವಾರದಿಂದ ಎಲ್ಲಾ ಹಾಕು ಅಂದೆ. ತುಂಬಾ ಚಳಿ ಕಣೇ ಅಲ್ಲಿ."

ಇಷ್ಟು ವಿವರವನ್ನು ಯಾರೂ ಟೀವಿ ನೋಡಿ ಕಲಿಯಲಾರರು.

ಇವರು ಹಂದಿ ತಿಂದಿದ್ದರು ಎಂಬುದು ನನ್ನನ್ನು ಕಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಇವರ ಎಂಜಲು ತಟ್ಟೆ ತೊಳೆಯಲು ನನಗೆ ಕೈ ಬರಲಿಲ್ಲ. ಐವತ್ತು ವರ್ಷದ ಹಿಂದಿನ ಹಂದಿ ಈಗ ತಟ್ಟೆಗೆ ಅಂಟಿರುತ್ತದೆಯೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಆದರೆ ನಿಜವಾಗಿ ಸುಡುತ್ತಿದ್ದದ್ದು ಬೇರೆ. ಅದು ನಮ್ಮ ಮಗಳ ವಿಷಯ.

ಮಗಳಿಗೆ ಹದಿನಾಲ್ಕು ವರ್ಷವಿದ್ದಾಗ ಸ್ಕೂಲಿನ ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿ ಬಂದಳು. ಬಂದವಳೇ ತಾನಾಗಿ ಹೇಳಿದಳು, ಪಿಜ್ಜಾದ ಮೇಲೆ ಮಾಂಸದ ಬಿಲ್ಲೆ ಇತ್ತು, ತಿಂದೆ, ಚೆನ್ನಾಗಿತ್ತು ಎಂದು. ಅವಳು ಮುಚ್ಚಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಅವಳನ್ನು ಗರಾಜಿನಲ್ಲೇ ನಿಲ್ಲಿಸಿದೆ. ಅಲ್ಲೇ ಬಟ್ಟೆ ಬದಲಿಸಲು ಹೇಳಿ, ನೇರ ಬಚ್ಚಲಿಗೆ ಕಳಿಸಿ ತಲೆಗೆ ಸ್ನಾನ ಮಾಡಿಸಿದೆ. ಹನ್ನೊಂದು ದಿನ ಅಡುಗೆಮನೆಗೆ ಕಾಲಿಡಕೂಡದು, ದೇವರ ಹತ್ತಿರ ಬರಕೂಡದು ಎಂದೆ. ಊಟಕ್ಕೆ ಬೇರೆ ತಟ್ಟೆ. ಹನ್ನೆರಡನೆಯ ದಿನ ಆ ತಟ್ಟೆಯನ್ನು ಅವಳ ಕಣ್ಣೆದುರೇ ಕಸಕ್ಕೆ ಹಾಕಿದೆ. ನಮ್ಮಮ್ಮನಾಗಿದ್ದರೆ ಇನ್ನೂ ಹೆಚ್ಚು ಮಾಡುತ್ತಿದ್ದಳು, ನಾನು ಕಡಿಮೆಯೇ ಮಾಡಿದೆ ಎಂದು ಆಗ ಅಂದುಕೊಂಡಿದ್ದೆ.

ಆ ಸಂಜೆ ಇವರು ಆಫೀಸಿನಿಂದ ಬಂದಾಗ ಮಗಳು ಒದ್ದೆ ಕೂದಲಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು. ಅಪ್ಪನ ಮುಖ ನೋಡಿದಳು. ನಾನು ನಡೆದದ್ದನ್ನು ಹೇಳಿದೆ. ಇವರು ಬ್ಯಾಗು ಕೆಳಗಿಟ್ಟು, "ಅಮ್ಮ ಹೇಳಿದ ಹಾಗೆ ಕೇಳು" ಎಂದಷ್ಟೇ ಹೇಳಿ ಅವಳ ಪಕ್ಕದಿಂದಲೇ ಮಹಡಿಗೆ ಹೋದರು.

ಅವಳು ಆಮೇಲೆ ಯಾವತ್ತೂ ನಮಗೆ ತಾನಾಗಿ ಏನನ್ನೂ ಹೇಳಲಿಲ್ಲ. ಕಾಲೇಜಿಗೆ ಯಾವ ಊರಿಗೆ ಹೋಗುತ್ತಾಳೆ ಎಂಬುದು ಕೂಡ ಕಾಗದ ಬಂದ ಮೇಲೇ ನಮಗೆ ಗೊತ್ತಾಗಿದ್ದು. ಈಗ ಸ್ಯಾನ್ ಮಟಿಯೋದಲ್ಲಿ ಒಬ್ಬಳೇ ಇದ್ದಾಳೆ. ಅಪ್ಪನಿಗೆ ಹುಷಾರಿಲ್ಲದಾದ ಮೇಲೆ ಪ್ರತಿ ಶನಿವಾರ ಬರುತ್ತಾಳೆ. ಔಷಧಿ ಡಬ್ಬಿ ತುಂಬಿಸುತ್ತಾಳೆ, ಅವರ ಉಗುರು ಕತ್ತರಿಸುತ್ತಾಳೆ, ಸಂಜೆ ಟ್ರಾಫಿಕ್ಕು ಹೆಚ್ಚುವ ಮುಂಚೆ ಹೊರಡುತ್ತಾಳೆ.

ಎರಡು ವಾರ ಕಳೆಯಿತು. ಇವರು ತಿಂಡಿ ಮುಟ್ಟುವುದನ್ನೇ ಬಿಟ್ಟರು. ಮಧ್ಯಾಹ್ನ ಎರಡು ತುತ್ತು, ಸಂಜೆ ಹಾಲು, ಅಷ್ಟೇ. ಬೆಲ್ಟಿಗೆ ನಾನೇ ಹೊಸ ತೂತು ಹಾಕಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ತೂಕ ನೋಡಿ, ಇನ್ನು ಕೊಬ್ಬು, ಉಪ್ಪು ಎಂದೆಲ್ಲ ಯೋಚಿಸುವ ಕಾಲವಲ್ಲ, ಅವರು ಏನನ್ನು ಇಷ್ಟಪಟ್ಟು ತಿನ್ನುತ್ತಾರೋ ಅದನ್ನು ಕೊಡಿ ಎಂದರು. ಇವರಿಗೆ ಏನು ಇಷ್ಟ ಎಂದು ಕೇಳಿದರು. ನಾನು "ಅಕ್ಕಿರೊಟ್ಟಿ" ಎಂದು ಸುಳ್ಳು ಹೇಳಿದೆ.

ಗ್ರೋಸರಿಗೆ ಹೋಗಿ ಸೋಯಾದಲ್ಲಿ ಮಾಡಿದ ಸಾಸೇಜು ತಂದೆ. ಟೊಮ್ಯಾಟೊ ಬಾಡಿಸಿದೆ, ಅಣಬೆ ಹುರಿದೆ, ಬೀನ್ಸು ಬಿಸಿ ಮಾಡಿದೆ, ಬ್ರೆಡ್ಡನ್ನು ತುಪ್ಪದಲ್ಲಿ ಕರಿದೆ. ದೊಡ್ಡ ಬಿಳಿ ತಟ್ಟೆಯಲ್ಲಿ ಜೋಡಿಸಿ ಮುಂದಿಟ್ಟೆ. ಇವರು ಸಾಸೇಜನ್ನು ಕತ್ತರಿಸಿ ಬಾಯಿಗಿಟ್ಟು, ಕರವಸ್ತ್ರದಲ್ಲಿ ಉಗಿದರು. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಹಳ ವಿನಯವಾಗಿ, "ನೀವು ಇಲ್ಲಿ ಹೊಸಬರಿರಬೇಕು. ಮನೆಯಾಕೆಯನ್ನು ಒಂದು ಸಲ ಕೇಳಿ ನೋಡಿ" ಎಂದರು.

ನಾನು ಸಿಂಕಿನ ಮುಂದೆ ನಿಂತು ನಲ್ಲಿ ಬಿಟ್ಟುಕೊಂಡು ಅತ್ತೆ. ಹೊಸಬಳು ಎಂದಿದ್ದಕ್ಕೋ, ಆ ಊರಿನ ಮನೆಯಾಕೆ ನನಗಿಂತ ಹೆಚ್ಚು ನೆನಪಿದ್ದಾಳೆ ಎಂಬುದಕ್ಕೋ, ತಿಳಿಯಲಿಲ್ಲ.

ಆ ಶನಿವಾರ ಮಗಳಿಗೆ ಹೇಳಿದೆ. ಹೇಳಲೇಬೇಕಾಯಿತು, ಅಪ್ಪ ಯಾಕೆ ಇಷ್ಟು ಸೊರಗಿದ್ದಾನೆ ಎಂದು ಅವಳು ನನ್ನನ್ನೇ ಸಂಶಯದಿಂದ ನೋಡುತ್ತಿದ್ದಳು. ಇವರು ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಕತೆಯನ್ನೆಲ್ಲ ಕೇಳುವ ತನಕ ಅವಳು ಮಾತ್ರೆಗಳನ್ನು ಡಬ್ಬಿಯ ಗೂಡುಗಳಿಗೆ ಹಾಕುತ್ತಲೇ ಇದ್ದಳು.

"ಎಷ್ಟು ದಿನ ತಿಂದಿದ್ನಂತೆ?"

"ಎರಡು ವರ್ಷ. ಭಾನುವಾರ."

"ಬ್ಲಡ್ಡೂ?"

"ಹೂಂ."

ಅವಳು ನಕ್ಕಳು. ಸಂತೋಷದ ನಗು ಅಲ್ಲ. "ಅಮ್ಮಾ, ಅವನು ಅವತ್ತು ನನ್ನ ಪಕ್ಕದಿಂದಲೇ ಹೋದ. ಸ್ಟೆಪ್ಸ್ ಮೇಲೆ. ಅವನ ಪ್ಯಾಂಟು ನನ್ನ ಭುಜಕ್ಕೆ ತಾಗ್ತು. ಹಿ ಜಸ್ಟ್ ವೆಂಟ್ ಅಪ್."

"ಗೊತ್ತು ಕಣೆ."

"ನಿಂಗೆ ಏನ್ ಗೊತ್ತು?" ಎಂದಳು. ದನಿ ಎತ್ತರಿಸಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ, ಕಾರಿನ ಕೀ ತೆಗೆದುಕೊಂಡು ಹೊರಟುಹೋದಳು. ಬುಧವಾರದ ತನಕದ ಗೂಡುಗಳಲ್ಲಷ್ಟೇ ಮಾತ್ರೆ ಇದ್ದವು.

ಮುಂದಿನ ಶನಿವಾರ ಅವಳು ಬರಲಿಲ್ಲ. ಫೋನು ತೆಗೆಯಲಿಲ್ಲ. ಆ ಹತ್ತು ದಿನ ನನಗೆ ನಿದ್ದೆ, ಊಟ ಎರಡೂ ಸರಿಯಿರಲಿಲ್ಲ. ಇವರ ಮೇಲೆ ಕೋಪ ಉಕ್ಕಿ ಬರುತ್ತಿತ್ತು, ಆದರೆ ಯಾರ ಮೇಲೆ ಕೋಪ ಮಾಡುವುದು? ಕೋಪ ಮಾಡಿಕೊಳ್ಳಬೇಕಾದ ಮನುಷ್ಯ ಈ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಇದ್ದರೆ ಹೆಚ್ಚು. ಉಳಿದ ಹೊತ್ತೆಲ್ಲ ನನ್ನ ಎದುರು ಕೂತಿದ್ದದ್ದು ಹಸಿದ ಒಬ್ಬ ಮುದುಕ. ಒಂದು ದಿನ ತಾಳಲಾರದೆ ಕೇಳಿಯೂಬಿಟ್ಟೆ, "ನಂಗೆ ಯಾಕ್ರೀ ಹೇಳಲಿಲ್ಲ?" ಇವರು ಕಿಟಕಿಯಾಚೆ ನಿಂತಿದ್ದ ಕಾರುಗಳನ್ನು ಎಣಿಸುತ್ತಿದ್ದವರು ಎಣಿಕೆ ತಪ್ಪಿತೆಂದು ಸಿಡುಕಿದರು.

ಮಗಳು ಕೊನೆಗೆ ಒಂದು ಸಂಜೆ ತಾನೇ ಫೋನು ಮಾಡಿದಳು. "ಸ್ಯಾಟರ್ಡೇ ನಾನು ಎಲ್ಲಾ ತರ್ತೀನಿ. ಇಂಗ್ಲಿಷ್ ಸಾಮಾನು ಮಾರೋ ಒಂದು ಅಂಗಡಿ ಸಿಕ್ತು. ನೀನು ನೋಡಬೇಕಾಗಿಲ್ಲ. ಒಳಗಡೆ ಇರು."

"ಅಡುಗೆಮನೆಯಲ್ಲಿ ಬೇಡ" ಎಂದೆ. ಬಾಯಿಂದ ಬಂದೇಬಿಟ್ಟಿತು.

"ಗೊತ್ತಿತ್ತು ನಂಗೆ. ಕ್ಯಾಂಪಿಂಗ್ ಸ್ಟೋವ್ ತರ್ತಿದೀನಿ."

ಹಿತ್ತಿಲಿನಲ್ಲಿ ಎರಡು ಕುರ್ಚಿ ಹಿಡಿಸುವಷ್ಟು ಸಿಮೆಂಟಿನ ಜಾಗವಿದೆ. ಅಲ್ಲಿ ಮಡಿಚುವ ಮೇಜು ಹಾಕಿ ಅವಳು ಒಲೆ ಹೊತ್ತಿಸಿದಳು. ಪೊಟ್ಟಣಗಳನ್ನು ಬಿಚ್ಚಿದಳು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಮಾಡುತ್ತಿದ್ದಳು. ನಾನು ಒಳಗಿರುತ್ತೇನೆ ಎಂದುಕೊಂಡವಳು ಗಾಜಿನ ಬಾಗಿಲ ಹತ್ತಿರ ನಿಂತೆ. ವಾಸನೆ ಬಂತು. ಹೇಸಿಗೆಯಾಗುತ್ತದೆ ಎಂದು ಎಣಿಸಿದ್ದೆ. ಸೆರಗನ್ನು ಮೂಗಿಗೆ ಒತ್ತಿಕೊಂಡೆ ಕೂಡ. ಆದರೆ ಅದರೊಳಗೆ ಏನೋ ಒಂದು ಉಪ್ಪಿನ, ಹೊಗೆಯ ವಾಸನೆ ಇತ್ತು, ಹಸಿವಿನದ್ದು. ಚಳಿಯ ಊರಿನಲ್ಲಿ ಇಪ್ಪತ್ತೈದು ವರ್ಷದ ಹುಡುಗನಿಗೆ ಏನಾಗಿರಬಹುದು ಎಂದು ಒಂದು ಕ್ಷಣ ಹೊಳೆಯಿತು. ಹೊಳೆದದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ಇವರನ್ನು ಕೈಹಿಡಿದು ಕರೆತಂದು ಮೇಜಿನ ಮುಂದೆ ಕೂರಿಸಿ, ಮತ್ತೆ ಬಾಗಿಲ ಒಳಗೆ ಬಂದು ನಿಂತೆ. ಮಗಳು ತಟ್ಟೆ ಮುಂದಿಟ್ಟಳು. ಇವರು ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ಪರೀಕ್ಷೆ ಮಾಡಿದರು. ಬೇಕನ್, ಸಾಸೇಜು, ಮೊಟ್ಟೆ, ಕಪ್ಪು ಬಿಲ್ಲೆಗಳು. ಬ್ರೆಡ್ಡಿನ ಹತ್ತಿರ ಬಂದಾಗ ಹುಬ್ಬು ಗಂಟಾಯಿತು.

"ಇದು ಟೋಸ್ಟು. ಕರಿದಿಲ್ಲ."

"ಅಪ್ಪ, ಇವತ್ತಿಗೆ ಇದನ್ನೇ ತಿನ್ನು."

"ಕರೀಬೇಕು" ಎಂದು ತಟ್ಟೆ ತಳ್ಳಿದರು. ಬೀನ್ಸಿನ ರಸ ಮೇಜಿನ ಮೇಲೆ ಚೆಲ್ಲಿತು.

ಮಗಳು ಬೆಳಗಿನಿಂದ ಒಂದೇ ಸಮನೆ ನಿಂತಿದ್ದಳು. ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟು ಬೇಲಿಯ ಕಡೆ ಮುಖ ಮಾಡಿ ನಿಂತುಬಿಟ್ಟಳು. ಅವಳ ಬೆನ್ನು ಅಲುಗುತ್ತಿತ್ತು. ಬಾಣಲೆಯಲ್ಲಿ ಕೊಬ್ಬು ಇನ್ನೂ ಬಿಸಿಯಾಗಿತ್ತು. ನಾನು ಬಾಗಿಲು ಸರಿಸಿ ಹೊರಗೆ ಬಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬ್ರೆಡ್ಡಿನ ಎರಡು ಚೂರು ಅದರೊಳಗೆ ಹಾಕಿದೆ. ಚುರ್ ಎಂದಿತು. ಮಗುಚುವ ಸೌಟಿನಿಂದ ತಿರುವಿ ಹಾಕಿದೆ. ಒಂದು ಹನಿ ಮಣಿಕಟ್ಟಿನ ಮೇಲೆ ಸಿಡಿಯಿತು. ಎರಡೂ ಮುಖ ಕೆಂಪಗಾದ ಮೇಲೆ ತೆಗೆದು ಇವರ ತಟ್ಟೆಗೆ ಹಾಕಿದೆ.

ಇವರು ತಿಂದರು. ಬೆನ್ನು ನೆಟ್ಟಗೆ ಮಾಡಿ, ಚಾಕು ಬಲಗೈಯಲ್ಲಿ, ಫೋರ್ಕು ಎಡಗೈಯಲ್ಲಿ ಹಿಡಿದು, ಒಂದೊಂದು ಚೂರಿನಲ್ಲೂ ಎಲ್ಲವೂ ಸ್ವಲ್ಪ ಸ್ವಲ್ಪ ಬರುವ ಹಾಗೆ ಜೋಡಿಸಿಕೊಂಡು. ಚಮಚ ಹಿಡಿಯಲು ತಡಕಾಡುತ್ತಿದ್ದ ಬೆರಳುಗಳು ಅವೇ ಏನು ಎನ್ನಿಸಿತು. ಅಷ್ಟು ವರ್ಷ ನನ್ನ ಜೊತೆ ಕೂತು ಉಂಡ ಮನುಷ್ಯ ಅವರಲ್ಲ. ನನಗೆ ಪರಿಚಯವೇ ಇಲ್ಲದ ಯಾರೋ ಒಬ್ಬರು ಊಟ ಮಾಡುವುದನ್ನು ಕದ್ದು ನೋಡುತ್ತಿರುವ ಹಾಗಿತ್ತು.

ಮಗಳು ಮುಖ ಒರೆಸಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಇವರು ಮುಗಿಸುವ ತನಕ ಕಾದಳು.

"ಅಪ್ಪ. ನಾನು ಪಿಜ್ಜಾ ತಿಂದು ಬಂದ ದಿನ ನೆನಪಿದ್ಯಾ? ಅಮ್ಮ ನನ್ನ ಗರಾಜಲ್ಲಿ ನಿಲ್ಸಿದ್ಲು. ನೀನು ಯಾಕೆ ಏನೂ ಹೇಳಲಿಲ್ಲ?"

ಇವರು ಅವಳನ್ನು ಬಹಳ ಹೊತ್ತು ನೋಡಿದರು. ಹೆಸರಿಗಾಗಿ ಹುಡುಕುತ್ತಿದ್ದರೋ ಏನೋ. ಆಮೇಲೆ ಮುಂದಕ್ಕೆ ಬಾಗಿ, ಅವಳ ಕೈ ಮೇಲೆ ಕೈಯಿಟ್ಟು, ಮೆಲುದನಿಯಲ್ಲಿ ಕನ್ನಡದಲ್ಲೇ ಹೇಳಿದರು, "ಅಮ್ಮಂಗೆ ಹೇಳ್ಬೇಡ ಕಣಮ್ಮ."

ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ. ಅವರ ತಾಯಿಯೋ, ಅವಳ ತಾಯಿಯೋ, ಯಾವ ಅಮ್ಮ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮಗಳು ನನ್ನ ಕಡೆ ನೋಡಲಿಲ್ಲ. "ಇಲ್ಲಪ್ಪ, ಹೇಳಲ್ಲ" ಎಂದಳು.

ಪಾತ್ರೆಗಳನ್ನು ಹಿತ್ತಿಲ ನಲ್ಲಿಯಲ್ಲೇ ಇಬ್ಬರೂ ಕೂತು ಉಜ್ಜಿದೆವು. ನಾನು ಮಾತು ಜೋಡಿಸಿಕೊಂಡು ಹೇಳಿದೆ, "ಅವತ್ತು ನಾನು ನಿನಗೆ ಮಾಡಿದ್ದು ತಪ್ಪು. ಅವರು ತಿಂದಿದ್ರು ಅಂತ ಗೊತ್ತಾದ್ದಕ್ಕೆ ಹೇಳ್ತಿಲ್ಲ. ಅವರು ತಿನ್ನದೇ ಇದ್ದಿದ್ರೂ ತಪ್ಪೇ."

ಅವಳು ಬಾಣಲೆಯ ಜಿಡ್ಡು ತಿಕ್ಕುತ್ತಲೇ ಇದ್ದಳು. "ನೀನು ಇದನ್ನ ಹೇಳ್ಬೇಕು ಅಂತ ಎಷ್ಟೋ ವರ್ಷ ಕಾದಿದ್ದೆ ಅಮ್ಮ. ಈಗ ಹೇಳಿದೀಯ. ನಂಗೇನೂ ಅನ್ನಿಸ್ತಿಲ್ಲ. ಸಾರಿ." ಬಾಣಲೆಯನ್ನು ಬೋರಲು ಹಾಕಿ ಕೇಳಿದಳು, "ಅವನು ಮದುವೆಗೆ ಮುಂಚೆ ಹೇಳಿದ್ದಿದ್ರೆ ನೀನು ಏನ್ ಮಾಡ್ತಿದ್ದೆ?"

"ಬೇಡ ಅಂತಿದ್ದೆ."

"ಮದುವೆ ಆದ್ಮೇಲೆ ಹೇಳಿದ್ದಿದ್ರೆ?"

ನಾನು ನಲ್ಲಿ ತಿರುಗಿಸಿ ತಟ್ಟೆಗೆ ನೀರು ಬಿಟ್ಟೆ. ಉತ್ತರ ನನಗೆ ಗೊತ್ತಿತ್ತು. ಬದುಕಿನುದ್ದಕ್ಕೂ ಅವರಿಗೊಂದು ಬೇರೆ ತಟ್ಟೆ ಇಡುತ್ತಿದ್ದೆ. ಬಹುಶಃ ಅದು ಅವರಿಗೂ ಗೊತ್ತಿತ್ತು. ಆ ಸಂಜೆ ಮೆಟ್ಟಿಲ ಮೇಲೆ ಅವರು ಮಗಳನ್ನು ಬಿಟ್ಟುಕೊಟ್ಟದ್ದು ನನಗೆ ಹೆದರಿಯೇ ಇರಬೇಕು. ಅದು ಹೇಡಿತನವೇ. ಆ ಹೇಡಿತನದಲ್ಲಿ ನನ್ನ ಪಾಲೆಷ್ಟು ಎಂದು ಯೋಚಿಸಲು ಕೂತರೆ ಈಗಲೂ ಎದೆ ಭಾರವಾಗುತ್ತದೆ.

ಆಮೇಲೆ ಐದು ತಿಂಗಳು ಪ್ರತಿ ಶನಿವಾರ ಹಿತ್ತಿಲಿನಲ್ಲಿ ಒಲೆ ಹೊತ್ತಿತು. ಬ್ರೆಡ್ಡು ಕರಿಯುವುದು ನನ್ನ ಕೆಲಸ. ಅದನ್ನು ಮುಗಿಸಿ ಸ್ನಾನ ಮಾಡಿಯೇ ದೇವರ ಮುಂದೆ ಹೋಗುತ್ತಿದ್ದೆ. ಅದನ್ನು ಬಿಡಲು ನನ್ನಿಂದ ಆಗಲಿಲ್ಲ, ಮಗಳೂ ಕೇಳಲಿಲ್ಲ. ಇವರ ಮೈ ಸ್ವಲ್ಪ ತುಂಬಿಕೊಂಡಿತು. ಶನಿವಾರ ತಿಂದರೆ ಉಳಿದ ದಿನ ಅನ್ನ, ಸಾರನ್ನೂ ಅಷ್ಟಿಷ್ಟು ತಿನ್ನುತ್ತಿದ್ದರು. ನಂತರ ಅಗಿಯುವುದೇ ಮರೆತುಹೋಯಿತು. ಬಾಯಲ್ಲಿಟ್ಟದ್ದನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಇಟ್ಟುಕೊಂಡು ಕೂರುತ್ತಿದ್ದರು. ಈಗ ಎಲ್ಲವನ್ನೂ ನುಣ್ಣಗೆ ಅರೆದು ಕೊಡುತ್ತೇನೆ. ಬೇಕನ್ ಎಂಬ ಮಾತು ಅವರ ಬಾಯಿಂದ ಬಂದು ಬಹಳ ದಿನವಾಯಿತು.

ಹೋದ ತಿಂಗಳು ಇವರನ್ನು ನೋಡಿಕೊಳ್ಳಲು ವಾರಕ್ಕೊಂದು ಮಧ್ಯಾಹ್ನ ಒಬ್ಬ ನರ್ಸು ಬರತೊಡಗಿದಳು. ಮಗಳು, "ನಮ್ಮನೆಗೆ ಬಾ, ಊಟ ಮಾಡು" ಎಂದಳು. ಅವಳು ಆ ಅಪಾರ್ಟ್‌ಮೆಂಟಿಗೆ ವಾಸಕ್ಕೆ ಹೋಗಿ ಹನ್ನೆರಡು ವರ್ಷವಾಗಿದೆ. ನಾನು ಹೋದಾಗಲೆಲ್ಲ ಡಬ್ಬಿಯಲ್ಲಿ ನನ್ನ ಊಟ ಕಟ್ಟಿಕೊಂಡು ಹೋಗಿದ್ದೇನೆ, ಇಲ್ಲದಿದ್ದರೆ ಹಣ್ಣು ತಿಂದು ಬಂದಿದ್ದೇನೆ. ಅವಳ ಮನೆಯಲ್ಲಿ ಮಾಂಸ ಮಾಡುತ್ತಾಳೆ, ಪಾತ್ರೆಗಳು ಒಂದೇ.

ಈ ಸಲ ಬರಿಗೈಯಲ್ಲಿ ಹೋದೆ. ಅವಳು ಅನ್ನ, ಟೊಮ್ಯಾಟೊ ಸಾರು, ಹುರುಳಿಕಾಯಿ ಪಲ್ಯ ಮಾಡಿದ್ದಳು. ಸಾರಿಗೆ ನನ್ನ ಹಾಗೆಯೇ ಕೊನೆಯಲ್ಲಿ ಇಂಗಿನ ಒಗ್ಗರಣೆ ಹಾಕಿದ್ದಳು, ಎಲ್ಲಿ ಕಲಿತಳೋ. ಕಲಸಿದೆ. ಮೊದಲ ತುತ್ತು ಬಾಯಿಗಿಟ್ಟೆ. ಇಳಿಯಲಿಲ್ಲ. ಮನಸ್ಸು ಎಷ್ಟು ಹೇಳಿದರೂ ಗಂಟಲು ಕೇಳಲಿಲ್ಲ. ಅವಳು ಎದುರು ಕೂತು ನೋಡುತ್ತಿದ್ದಳು. ಎದ್ದು ಲೋಟಕ್ಕೆ ನೀರು ತುಂಬಿ ನನ್ನ ಎಡಗೈಯ ಹತ್ತಿರ ಇಟ್ಟಳು. ನಾನು ಒಂದು ಗುಟುಕು ಕುಡಿದು ಆ ತುತ್ತನ್ನು ನುಂಗಿದೆ, ಇನ್ನೊಂದನ್ನು ಕಲಸಿಕೊಂಡೆ.